ಅಣ್ಣ ಮೇಲೆ, ತಮ್ಮ ಕೆಳಗೆ

ಬೆಳಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ತುಳಸಿ ಮಾಡುವ ಮೊದಲ ಕೆಲಸ ಮುಖ ತೊಳೆಯುವುದು. ತನ್ನದಲ್ಲ, ಫ್ಲೆಕ್ಸಿಗೆ ಬಂದವರದು. ಕಣ್ಣಿನ ಕೆಳಗಿನ ಕಪ್ಪು ಒರೆಸಬೇಕು, ಕುತ್ತಿಗೆಯ ನೆರಿಗೆ ಅಳಿಸಬೇಕು, ಮೈಬಣ್ಣ ಒಂದಿಷ್ಟು ತಿಳಿ ಮಾಡಬೇಕು. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿರುವ ನಾಗೇಂದ್ರಪ್ಪನ ಫ್ಲೆಕ್ಸ್ ಅಂಗಡಿಯಲ್ಲಿ ಆ ಕೆಲಸಕ್ಕೆ ಅದೇ ಹೆಸರು.

"ತುಳಸೀ, ಇವ್ರ ಮುಖ ತೊಳಿಯವ್ವಾ, ಜಲ್ದಿ," ಎನ್ನುತ್ತ ನಾಗೇಂದ್ರಪ್ಪ ಪೆನ್‌ಡ್ರೈವ್ ಮೇಜಿನ ಮೇಲಿಟ್ಟ. ಅದರಲ್ಲಿದ್ದ ಮುಖ ಕಂಪ್ಲಿಯ ಅಕ್ಕಿ ಮಿಲ್ಲಿನ ಸಿದ್ದಲಿಂಗೇಶನದು. ತುಳಸಿ ಅದನ್ನು ದೊಡ್ಡದು ಮಾಡಿದಳು. ಈ ಅಂಗಡಿ ಬಿಡಲು ಹೊರಟಾಗ ಅವಳು ಹಿಡಿದ ಮೊದಲ ಕೆಲಸ ಆ ಮನೆಯದು, ತಿರುಗಿ ಇಲ್ಲಿಗೆ ಬಂದದ್ದೂ ಆ ಮನೆಯ ದೆಸೆಯಿಂದಲೇ.

ಮರಿಯಮ್ಮನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ತುಳಸಿ ಪಿಯುಸಿ ಮುಗಿಸಿ ಇಲ್ಲಿ ಸೇರಿದವಳು. ಈಗ ಮೂವತ್ತು ದಾಟಿದೆ. ಫ್ಲೆಕ್ಸಿನ ವಿದ್ಯೆ ಅರ್ಧ ಚಿತ್ರ, ಅರ್ಧ ಮರ್ಯಾದೆ. ಸ್ವಾಮಿಗಳು ಎಲ್ಲರಿಗಿಂತ ಮೇಲೆ. ತೀರಿಹೋದ ಹಿರಿಯರು ಅವರ ಕೆಳಗೆ, ನಟ್ಟನಡುವೆ. ಇರುವವರಲ್ಲಿ ಹಿರಿಯ ಎಡಕ್ಕೆ, ಕಿರಿಯ ಬಲಕ್ಕೆ, ತಲೆಗಳು ಸರಿಸಮ. ಒಬ್ಬನ ಹಣೆ ಇನ್ನೊಬ್ಬನ ಮೂಗಿನ ಮಟ್ಟಕ್ಕೆ ಇಳಿದರೂ ಸಂಜೆಯೊಳಗೆ ಫೋನ್ ಬರುತ್ತದೆ. ತುಳಸಿ ಮಾಡಿದ ಫ್ಲೆಕ್ಸಿಗೆ ಅಂಥ ಫೋನ್ ಬಂದದ್ದಿಲ್ಲ.

ಆದರೂ ಬೇಸತ್ತಿದ್ದಳು. ವಾರದ ಹಿಂದೆ ತೊಳೆದು ಕಳಿಸಿದ ಮುಖ ಊರಿನ ದಾರಿಯಲ್ಲಿ ಯಾರದೋ ಎಮ್ಮೆ ಕೊಟ್ಟಿಗೆಗೆ ಮರೆಯಾಗಿ ಕಟ್ಟಿಸಿಕೊಂಡು ಗಾಳಿಗೆ ಬಡಿದುಕೊಳ್ಳುವುದನ್ನು ಬಸ್ಸಿನಿಂದ ನೋಡುತ್ತಿದ್ದಳು. ಉಳಿಯುವಂಥದ್ದು ಮಾಡಬೇಕೆನಿಸಿತು. ಊಟದ ಹೊತ್ತಿನಲ್ಲಿ, ಭಾನುವಾರಗಳಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿತಳು. ಕಾಲೇಜ್ ರಸ್ತೆಯಲ್ಲಿ ಮೆಟ್ಟಿಲ ಕೆಳಗಿನ ಒಂದು ಕೋಣೆ ಹಿಡಿದಳು. ಬರುವ ತಿಂಗಳಿಂದ ಬರುವುದಿಲ್ಲ ಎಂದು ನಾಗೇಂದ್ರಪ್ಪನಿಗೆ ಹೇಳಿಯೂ ಬಿಟ್ಟಳು. ಇನ್ನು ಬೇಕಾದದ್ದು ಒಂದೇ: ಇದು ನಾನು ಮಾಡಿದ್ದು ಎಂದು ನಾಲ್ಕು ಜನಕ್ಕೆ ತೆರೆದು ತೋರಿಸಲು ಒಂದು ವೆಬ್‌ಸೈಟ್.

ಆ ಕೆಲಸ ಕೊಟ್ಟವನು ಮರುಳಸಿದ್ದಪ್ಪ, ಸಿದ್ದಲಿಂಗೇಶನ ಅಣ್ಣ. ತೀರಿಹೋದ ತಂದೆ ಕಟ್ಟಿದ ಮಿಲ್ಲನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. "ಚಲೋ ಮಾಡಿಕೊಡವ್ವಾ. ಉಳಿದ ಮಿಲ್ಲಿನವ್ರಿಗೂ ನಾನ ಹೇಳ್ತೀನಿ," ಎಂದಿದ್ದ.

ತುಳಸಿ ಕಂಪ್ಲಿಗೆ ಹೋಗಿ ಗುಮಾಸ್ತನ ಪಕ್ಕ ಕುಳಿತು, ಕೊಳ್ಳುವವರು ಫೋನಿನಲ್ಲಿ ಏನು ಕೇಳುತ್ತಾರೆ ಎಂದು ಆಲಿಸಿದಳು. ಯಾವ ಅಕ್ಕಿ, ಹಳೆಯದೋ ಹೊಸದೋ, ಲಾರಿ ಯಾವಾಗ ಮುಟ್ಟುತ್ತದೆ. ಪುಟವನ್ನು ಆ ಪ್ರಶ್ನೆಗಳಂತೆಯೇ ಜೋಡಿಸಿದಳು. ತೆರೆದರೆ ಮೊದಲು ಬೊಗಸೆ ತುಂಬ ಅಕ್ಕಿ. ಕೆಳಗೆ ಮಿಲ್ಲಿನ ಹೆಸರು, ನಂಬರ್. ಮಿಲ್ಲಿನ ಆಫೀಸಿನ ಕಂಪ್ಯೂಟರಿನಲ್ಲಿ ತೋರಿಸಿದಾಗ ಮರುಳಸಿದ್ದಪ್ಪ ಪುಟವನ್ನು ಮೇಲಿನಿಂದ ಕೆಳಗೆ ಹುಡುಕಿದ.

"ಅಪ್ಪಾರು ಎಲ್ಲಿ?"

"ಒಳಗಿನ ಪುಟದಾಗ ಇದಾರ್ರಿ."

"ಅಪ್ಪಾರನ್ನ ಒಳಗ ಕುಂದ್ರಿಸಿ ಅಕ್ಕೀನ ಬಾಗಿಲಾಗ ಕುಂದ್ರಿಸೀಯಾ?"

"ಕೇರಳದ ವ್ಯಾಪಾರಿ ನೋಡೋದು ಅಕ್ಕಿ ರೀ, ಸಾವ್ಕಾರ್ರ."

"ಕೇರಳದಾಂವ ಒಂದ್ಸಲ ನೋಡ್ತಾನ. ನಮ್ಮ ಬೀಗರು ದಿನಾ ನೋಡ್ತಾರ."

ಪಕ್ಕದಲ್ಲಿದ್ದ ಸಿದ್ದಲಿಂಗೇಶ ನಕ್ಕ. "ಅಣ್ಣ ಹೇಳೋದು ಖರೆ ಐತಿ. ಗೇಟಿನ ಮ್ಯಾಲೆ ನೀನ ಮಾಡಿದ ಫ್ಲೆಕ್ಸ್ ಐತಲ್ಲ, ಮಸ್ತ್ ಐತಿ. ಅದನ್ನ ಹಂಗ ಇದರಾಗ ಇಳಿಸಿಬಿಡು."

ಅಣ್ಣತಮ್ಮಂದಿರು ಒಂದು ಮಾತಿಗೆ ಬಂದದ್ದು ಅದೇ ಕೊನೆ. ತುಳಸಿ ಇನ್ನೂ ಸ್ವಲ್ಪ ವಾದಿಸಿ, ಸೋತು, ಅವರು ಹೇಳಿದಂತೆ ಮಾಡಿದಳು. ಮೇಲೆ ಎರಡು ದೀಪಗಳ ನಡುವೆ ತಂದೆ. ಎಡಕ್ಕೆ ಅಣ್ಣ, ಬಲಕ್ಕೆ ತಮ್ಮ, ನಡುವೆ ಸಾಲಾಗಿ ಅಕ್ಕಿ, ನುಚ್ಚು, ತೌಡು. ಅವರ ತಾಯಿ ಪಂಪಮ್ಮ ಹಿಂದಿನ ಮನೆಯಿಂದ ಬಂದು ಕಂಪ್ಯೂಟರಿನ ಗಾಜನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎಲ್ಲರೂ ಒಪ್ಪಿದರು.

ಫೋನಿನಲ್ಲೂ ತುಳಸಿ ನೋಡಿದ್ದಳು. ಅಕ್ಷರ ಓದಲು ಬರುತ್ತಿತ್ತು, ಫೋಟೋ ಎಲ್ಲೂ ತುಂಡಾಗಿರಲಿಲ್ಲ. ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇರುವುದು ಫೋನಿನ ಅಗಲಕ್ಕೆ ಹಿಡಿಸದೆ ಒಂದರ ಕೆಳಗೊಂದು ಬರುತ್ತದೆ. ಹಾಗೆ ಬರಲೆಂದು ಅವಳೇ ಮಾಡಿದ್ದಳು. ಮೊದಲು ಅಣ್ಣ. ಆಮೇಲೆ ಅಕ್ಕಿ, ನುಚ್ಚು, ತೌಡು. ಎಲ್ಲಕ್ಕಿಂತ ಕೆಳಗೆ ತಮ್ಮ. ಇಷ್ಟು ವರ್ಷ ಬೆರಳಗಲದ ಲೆಕ್ಕದಲ್ಲಿ ಮುಖ ಕೂಡಿಸಿದವಳ ಕಣ್ಣಿಗೆ ಅದು ಬೀಳಲಿಲ್ಲ. ಫ್ಲೆಕ್ಸಿನಲ್ಲಿ ಬಲಗಡೆ ಇದ್ದವರು ಎಲ್ಲಿಂದ ನೋಡಿದರೂ ಬಲಗಡೆಯೇ ಇರುತ್ತಾರೆ.

ಅದು ಕಂಡದ್ದು ಸಂಡೂರಿನಲ್ಲಿ, ಬೀಗರ ಮನೆಯ ಮದುವೆ ಊಟದ ಪಂಕ್ತಿಯಲ್ಲಿ. ಸಿದ್ದಲಿಂಗೇಶನ ಹೆಂಡತಿಯ ತಮ್ಮ ಫೋನಿನ ಮೇಲೆ ಹೆಬ್ಬೆಟ್ಟು ಆಡಿಸುತ್ತ ಹೋದ. "ಮಾಮಾ, ನಿಮ್ಮಣ್ಣ ಬಂದ್ರು, ಅಕ್ಕಿ ಬಂತು, ನುಚ್ಚು ಬಂತು, ತೌಡೂ ಬಂತು. ನೀವ್ಯಾವಾಗ ಬರ್ತೀರಿ?"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಿದ್ದಲಿಂಗೇಶ ಎಲೆ ಬಿಟ್ಟೆದ್ದು ತುಳಸಿಗೆ ಫೋನ್ ಮಾಡಿದ.

"ತೌಡಿನ ಕೆಳಗ ಇಟ್ಟೀಯಲ್ಲವ್ವಾ ನನ್ನ. ಅಣ್ಣ ಹೇಳಿ ಮಾಡಿಸಿದ್ನಾ?"

"ಇಲ್ರಿ, ಫೋನಿನಾಗ ತಾನಾಗೇ ಹಂಗ ಆಕ್ಕೈತ್ರಿ."

"ತಾನಾಗೇ? ಹಂಗಾರ ತಾನಾಗೇ ನಾನ್ಯಾಕ ಮ್ಯಾಲೆ ಹೋಗಲಿಲ್ಲ?"

ತುಳಸಿ ಕಂಪ್ಯೂಟರ್ ತೆರೆದಳು. ಮುಂದಿನ ಪಂಕ್ತಿ ಕೂರುವುದರೊಳಗೆ ತಿದ್ದಿದಳು. ಫೋನಿನಲ್ಲೂ ಇಬ್ಬರೂ ಅಕ್ಕಪಕ್ಕ, ಚಿಕ್ಕದಾಗಿ, ಸರಿಸಮ. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಮರುದಿನ ಮರುಳಸಿದ್ದಪ್ಪನ ಫೋನ್. "ಯಾರನ್ನ ಕೇಳಿ ತಿದ್ದಿದಿ?"

"ತಪ್ಪಾಗಿತ್ರಿ ಸಾವ್ಕಾರ್ರ."

"ಹಿರಿಯಾಂವ ಮ್ಯಾಲಿರೋದು ತಪ್ಪಾ? ಮೊದಲ ಹೆಂಗಿತ್ತೋ ಹಂಗ ಮಾಡು."

ಗೊತ್ತಿಲ್ಲದೆ ಆದದ್ದನ್ನು ಈಗ ಗೊತ್ತಿದ್ದು ಮಾಡಬೇಕಿತ್ತು. ತುಳಸಿ ಮಾಡಲಿಲ್ಲ. ಎದುರು ಕೂತು ವಿವರಿಸೋಣವೆಂದು ಕಂಪ್ಲಿಗೆ ಹೋದಳು. ಅಣ್ಣ ಆಫೀಸಿನಲ್ಲಿದ್ದ, ತಮ್ಮ ಗೋದಾಮಿನಲ್ಲಿ ಬೇರೆ ಮೇಜು ಹಾಕಿಸಿಕೊಂಡಿದ್ದ. ಪಂಪಮ್ಮ ಮಜ್ಜಿಗೆ ತಂದುಕೊಟ್ಟು, ದನಿ ತಗ್ಗಿಸಿ ಕೇಳಿದಳು: "ಯವ್ವಾ, ಮೊದಲ ಅಕ್ಕಪಕ್ಕ ಕುಂದ್ರಸಾಕ ಬರ್ತಿರಲಿಲ್ಲೇನು?"

"ಬರ್ತಿತ್ತಮ್ಮಾ," ಎಂದಳು ತುಳಸಿ.

ಮರುಳಸಿದ್ದಪ್ಪ ವಿವರಣೆ ಕೇಳಲಿಲ್ಲ. "ಮುಚ್ಚು ಅದನ್ನ," ಎಂದ. ಅವನ ಎದುರಿಗೇ ಮುಚ್ಚಿದಳು. ತೋರಿಸಲು ಇದ್ದ ಒಂದು ವೆಬ್‌ಸೈಟೂ ಇಲ್ಲದಂತಾಯಿತು.

ತಂದೆ ತೀರಿದ ವರ್ಷವೇ ಆ ಮನೆಯಲ್ಲಿ ಒಲೆ ಎರಡಾಗಿದ್ದು ಕಂಪ್ಲಿಗೆಲ್ಲ ಗೊತ್ತು. ಬಿರುಕಿಗೆ ಹೇಳಿಕೊಳ್ಳಲು ಕಾರಣವೊಂದು ಬೇಕಿತ್ತು. ಕಾರಣ ಹೊರಗಿನವಳಾದರೆ ಮನೆಯೊಳಗೆ ಯಾರನ್ನೂ ದೂರಬೇಕಿಲ್ಲ. ಉಳಿದ ಮಿಲ್ಲುಗಳಿಗೆ ತುಳಸಿ ತಾನೇ ಹೋದಳು. "ಬ್ಯಾಡವ್ವಾ ತಾಯಿ, ನಮ್ಮನ್ಯಾಗೂ ಅಣ್ಣತಮ್ಮರು ಅದೀವಿ," ಎಂದು ಮೊದಲ ಮಿಲ್ಲಿನವರು ಕೈಮುಗಿದಾಗ ಅವಳೂ ನಕ್ಕಳು. ಎರಡನೆಯ ಮಿಲ್ಲಿನಲ್ಲಿ ಅದೇ ಮಾತು ಕೇಳಿದಾಗ ನಗು ಬರಲಿಲ್ಲ. ಹೊಸಪೇಟೆಗೆ ಮರಳಿ ಮೆಟ್ಟಿಲ ಕೆಳಗಿನ ಕೋಣೆಯ ಬೀಗದ ಕೈ ಹಿಂದಕ್ಕೆ ಕೊಟ್ಟಳು.

ನಾಗೇಂದ್ರಪ್ಪ ಬೈಯಲಿಲ್ಲ. "ಕುರ್ಚಿ ಇದ್ದಲ್ಲೇ ಐತಿ, ಕುಂದ್ರು," ಎಂದ. ಬೈದಿದ್ದರೆ ಹಗುರಾಗುತ್ತಿತ್ತು.

ಪೆನ್‌ಡ್ರೈವಿನಲ್ಲಿ ಬಂದ ಸಿದ್ದಲಿಂಗೇಶನ ಫೋಟೋ ಕಂಪ್ಲಿಯ ಗಂಗಾವತಿ ರಸ್ತೆಯಲ್ಲಿ ಅವನು ಹಾಕುತ್ತಿರುವ ಹೊಸ ಮಿಲ್ಲಿನ ಪೂಜೆಗೆ. ಜೊತೆಗೆ ಬಂದ ಸೂಚನೆ: ಅಪ್ಪ ಮೇಲೆ, ತಾನೊಬ್ಬನೇ ಕೆಳಗೆ, ದೊಡ್ಡದಾಗಿ, ಅಣ್ಣ ಬೇಡ. ಹಳೆಯ ಮಿಲ್ಲಿನ ಗೇಟಿಗೆ, ತಮ್ಮನನ್ನು ತೆಗೆದು ಹೊಸ ಫ್ಲೆಕ್ಸ್ ಮಾಡಲು ಮರುಳಸಿದ್ದಪ್ಪನೂ ಹೇಳಿ ಕಳಿಸಿದ್ದಾನೆ. ಇಬ್ಬರೂ ಕೊಟ್ಟಿರುವುದು ತಂದೆಯ ಅದೇ ಫೋಟೋ.

ತುಳಸಿ ಸಿದ್ದಲಿಂಗೇಶನ ಕಣ್ಣಿನ ಕೆಳಗಿನ ಕಪ್ಪು ಒರೆಸತೊಡಗಿದಳು. ಎರಡೂ ಫ್ಲೆಕ್ಸ್ ಸೋಮವಾರ ಒಂದೇ ಆಟೋದಲ್ಲಿ ಕಂಪ್ಲಿಗೆ ಹೋಗುತ್ತವೆ.