ಗಟ್ಟಿಮೇಳದ ವಾಚು

ಕುಂದಾಣದ ಅಪ್ಪಯ್ಯಣ್ಣನವರು ತಮ್ಮ ಅರವತ್ತು ದಾಟಿದ ಬಾಳಿನಲ್ಲಿ ಒಂದು ಚುನಾವಣೆಯನ್ನೂ ಗೆದ್ದವರಲ್ಲ. ಒಮ್ಮೆ ಹಾಲಿನ ಡೇರಿಗೆ ನಿಂತು, ಸ್ವಂತ ಮನೆಯ ಮತಗಳೇ ಲೆಕ್ಕಕ್ಕೆ ಸಿಗದಂತೆ ಸೋತಿದ್ದರು. ದ್ರಾಕ್ಷಿ ತೋಟ ಒಂದಿಷ್ಟು, ಎರಡು ಸೀಮೆಹಸು, ಹೆಂಡತಿ ಪಿಳ್ಳಮ್ಮ, ಇಷ್ಟು ಅವರ ಸಾಮ್ರಾಜ್ಯ. ಅದರಲ್ಲೂ ಪಿಳ್ಳಮ್ಮನ ಮೇಲಿನ ಅಧಿಕಾರ ಹೆಸರಿಗಷ್ಟೇ ಇತ್ತು.

ಆದರೆ ಮದುವೆ ಮಂಟಪದ ಮೇಲೆ ಮಾತ್ರ ಅವರು ಚಕ್ರವರ್ತಿ. ಅವರ ವಂಶದ ಯಾವ ಮದುವೆಯಾದರೂ ಸರಿ, ಅಪ್ಪಯ್ಯಣ್ಣನವರು ಎಡಗೈಯ ವಾಚು ನೋಡಿ, ಬಲಗೈ ಎತ್ತಿ, ‘ಗಟ್ಟಿಮೇಳ’ ಎಂದು ಗುಡುಗುವವರೆಗೆ ಗಂಡು ತಾಳಿಯನ್ನು ಕೈಯಲ್ಲಿ ಹಿಡಿದು ಕಾಯಬೇಕು. ಗಂಡು ಎಂಜಿನಿಯರಾಗಿರಲಿ, ಪೊಲೀಸಾಗಿರಲಿ, ಕಾಯಲೇಬೇಕು.

ಈ ಪಟ್ಟ ಅವರಿಗೆ ತಂದೆ ಮುನಿಶಾಮಪ್ಪನವರಿಂದ ಬಂದದ್ದು. ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಸಿಕ್ಕ ಒಂದು ವರ್ಷ ಮುನಿಶಾಮಪ್ಪ ಬೆಂಗಳೂರಿಗೆ ಹೋಗಿ, ಕೀ ಕೊಡುವ ಕೈಗಡಿಯಾರವೊಂದನ್ನು ಕೊಂಡು ತಂದರು. ಆಗ ಅವರ ಬೀದಿಗೆಲ್ಲ ಅದೊಂದೇ ವಾಚು. ಮೋಡ ಮುಚ್ಚಿ ಹೊತ್ತು ತಿಳಿಯದ ಒಂದು ಮದುವೆಯಲ್ಲಿ ಪುರೋಹಿತರು ಅವರ ಕಡೆ ತಿರುಗಿ ಗಂಟೆ ಎಷ್ಟೆಂದು ಕೇಳಿದರು. ಮುಂದಿನ ಮದುವೆಯಲ್ಲಿ ಮೋಡವಿರಲಿಲ್ಲ, ಆದರೂ ಕೇಳಿದರು. ಮೂರನೆಯ ಮದುವೆಯ ಹೊತ್ತಿಗೆ ಕೇಳದಿದ್ದರೆ ಅಪಶಕುನ ಎನ್ನುವಂತಾಯಿತು. ಈಗಿನ ಪುರೋಹಿತರ ಸೊಂಟದಲ್ಲಿ ಎರಡೆರಡು ಫೋನುಗಳಿವೆ. ಆದರೂ ಲಗ್ನ ಬಂದಾಗ ಅವರು ಅಪ್ಪಯ್ಯಣ್ಣನವರ ಮಣಿಕಟ್ಟನ್ನೇ ನೋಡುತ್ತಾರೆ.

ಇಂಥ ವಾಚು ಸತ್ತು ಮೂರು ವರ್ಷವಾಗಿತ್ತು.

ಅದರ ಅಂತ್ಯ ವೀರೋಚಿತವಾಗಿಯೇನೂ ಇರಲಿಲ್ಲ. ಒಂದು ಮದುವೆಯಲ್ಲಿ ಮೆರೆದು ಬಂದ ಅಪ್ಪಯ್ಯಣ್ಣ, ವಾಚು ಬಿಚ್ಚಲು ಮನಸ್ಸಾಗದೆ, ಹಾಗೆಯೇ ತೋಟಕ್ಕೆ ಹೋಗಿ ದ್ರಾಕ್ಷಿಗೆ ಹೊಡೆಯುವ ಮೈಲುತುತ್ತದ ಡ್ರಮ್ಮಿಗೆ ಕೈ ಹಾಕಿದರು. ಮೇಲೆ ಬಂದದ್ದು ಕೈ ಮಾತ್ರ, ವಾಚಿನ ಜೀವ ಅಲ್ಲೇ ಹೋಗಿತ್ತು. ಈ ವಿಷಯ ತಿಳಿದಿದ್ದದ್ದು ಪಿಳ್ಳಮ್ಮನವರೊಬ್ಬರಿಗೇ. ಆಮೇಲಿನ ಮದುವೆಗಳಲ್ಲಿ ಅಪ್ಪಯ್ಯಣ್ಣ ವಾಚಿನ ಕಡೆ ಗಂಭೀರವಾಗಿ ನೋಡುವಂತೆ ನೋಡಿ, ಓರೆಗಣ್ಣಿನಲ್ಲಿ ಕಲ್ಯಾಣಮಂಟಪದ ಗೋಡೆ ಗಡಿಯಾರ ಓದಿ ಗುಡುಗಿದರು. ಸತ್ತ ವಾಚು ಬದುಕಿದ್ದ ಕಾಲಕ್ಕಿಂತ ಸರಿಯಾದ ಹೊತ್ತು ತೋರಿಸತೊಡಗಿತು.

ಹೀಗೆ ಸುಖವಾಗಿದ್ದ ರಾಜ್ಯದ ಮೇಲೆ ವೇಣುಗೋಪಾಲ್ ದಂಡೆತ್ತಿ ಬಂದ.

ವೇಣುಗೋಪಾಲ್ ಅವರ ಚಿಕ್ಕಪ್ಪನ ಮಗ. ದೇವನಹಳ್ಳಿಯ ಸುತ್ತಮುತ್ತ ಸೈಟು ಮಾರಿಸಿ ಬೆಳೆದವನು. ಡೇರಿ ಅಧ್ಯಕ್ಷಗಿರಿ, ಗಣೇಶೋತ್ಸವ ಸಮಿತಿ, ಎಲ್ಲ ಅವನ ಕೈಯಲ್ಲಿದ್ದವು. ಉಳಿದಿದ್ದದ್ದು ಗಟ್ಟಿಮೇಳ ಒಂದೇ. ಅಪ್ಪಯ್ಯಣ್ಣನವರ ತಮ್ಮನ ಮಗಳು ಬಿಂದುಶ್ರೀಯ ಮದುವೆಗೆ ಹತ್ತು ಹನ್ನೆರಡು ದಿನ ಇದ್ದಾಗ, ಕೈಯಲ್ಲಿ ಕರಿಗಾಜಿನ ಹೊಸ ವಾಚು ಕಟ್ಟಿಕೊಂಡು, ಬಿಂದುಶ್ರೀಯ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಬಂದು ಜಗಲಿಯ ಮೇಲೆ ಕೂತ.

ದೊಡ್ಡಪ್ಪ ಮುನಿಶಾಮಪ್ಪನವರ ವಾಚು ವಂಶದ ಆಸ್ತಿ, ಅದರ ಗಾಜು ಗೀಚಿದೆ, ಬೆಲ್ಟು ಹರಿದಿದೆ, ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದ. ಹಳೆಯ ವಾಚುಗಳನ್ನು ಬಿಚ್ಚಿ ಹೊಸದರಂತೆ ಮಾಡಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ, ಖರ್ಚೆಲ್ಲ ತನ್ನದೇ, ಒಂದೂವರೆ ತಿಂಗಳು ಬಿಟ್ಟುಕೊಟ್ಟರೆ ಸಾಕು ಎಂದ. ಅಷ್ಟರಲ್ಲಿ ಬರುವ ಬಿಂದು ಮದುವೆಯ ಬಗ್ಗೆ ಚಿಂತೆ ಬೇಡ, ಅದೊಂದಕ್ಕೆ ತನ್ನ ವಾಚು ಇದ್ದೇ ಇದೆ ಎಂದೂ ಸೇರಿಸಿದ.

ಇಷ್ಟು ಉದಾರವಾದ ದರೋಡೆಯನ್ನು ಅಪ್ಪಯ್ಯಣ್ಣ ಕಂಡಿರಲಿಲ್ಲ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕು. ಸರಿ ಎಂದರೆ ಪಟ್ಟ ಹೋಗುವುದು ಇರಲಿ, ಬೆಂಗಳೂರಿನವನು ಹಿಂದಿನ ಮುಚ್ಚಳ ತೆಗೆದ ಕ್ಷಣ ಹಸಿರುಗಟ್ಟಿದ ಹೆಣ ಕಾಣಿಸುತ್ತದೆ. ಅವನು ದುಡ್ಡು ಕೊಟ್ಟ ವೇಣುಗೋಪಾಲನಿಗೇ ಹೇಳುತ್ತಾನೆ. ಆಮೇಲೆ ಮೂರು ವರ್ಷದ ಮದುವೆಗಳೆಲ್ಲ ವಿಚಾರಣೆಗೆ ಬರುತ್ತವೆ. ಆಗ ಮದುವೆಯಾಗಿ, ಈಗ ಗಂಡನ ಜೊತೆ ಜಗಳವಾಡಿ ತವರಲ್ಲಿ ಕೂತಿರುವ ಅಕ್ಷತಳ ಅಮ್ಮ ಮೊದಲು ಬರುತ್ತಾಳೆ. ಮಾನಸಳ ಗಂಡನ ಮಂಡಿನೋವು, ಅಮರ್‌ನ ಅಂಗಡಿ ಮುಳುಗಿದ್ದು, ಎಲ್ಲಕ್ಕೂ ಕಾರಣ ಈ ಒಂದು ಮಣಿಕಟ್ಟು ಎಂದಾಗುತ್ತದೆ.

“ವಾಚು ಚೆನ್ನಾಗೇ ಓಡ್ತಾ ಇದೆಯಲ್ಲೋ” ಎಂದರು ಅಪ್ಪಯ್ಯಣ್ಣ.

“ಹೌದಾ? ಕೊಡಣ್ಣ, ಕಿವಿಗಿಟ್ಕೊಂಡು ನೋಡ್ತೀನಿ.”

ವೇಣುಗೋಪಾಲ್ ಕೈ ಚಾಚಿದ. ಬೆಲ್ಟಿನ ಕೊಂಡಿ ಬಿಚ್ಚಲು ಅಪ್ಪಯ್ಯಣ್ಣ ತೆಗೆದುಕೊಂಡ ಸಮಯದಲ್ಲಿ ಒಂದು ಎಮ್ಮೆಯ ಹಾಲು ಕರೆಯಬಹುದಿತ್ತು. ವಾಚು ವೇಣುಗೋಪಾಲನ ಕಿವಿ ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಒಳಗೆ ಮಿಕ್ಸಿ ಅಬ್ಬರಿಸಿತು. ಪಿಳ್ಳಮ್ಮ ಚಟ್ನಿ ರುಬ್ಬತೊಡಗಿದ್ದರು. ಸ್ವಲ್ಪ ನಿಲ್ಲಿಸಿ ಅತ್ತಿಗೆ ಎಂದು ವೇಣುಗೋಪಾಲ್ ಕೂಗಿದ. ಆ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಮತ್ತೆ ಕೂಗಿದ. ಮತ್ತೂ ಕೇಳಿಸಲಿಲ್ಲ. ಆ ಚಟ್ನಿ ಕುಡಿಯುವಷ್ಟು ನೀರಾಗುವವರೆಗೆ ರುಬ್ಬಿದರು.

ವೇಣುಗೋಪಾಲ್ ವಾಚನ್ನು ಹಿಂದಕ್ಕೆ ಕೊಟ್ಟು ನಕ್ಕ. ಆ ನಗುವಿನಲ್ಲಿ ಅನುಮಾನ ಸ್ಪಷ್ಟವಾಗಿತ್ತು. ಹೋಗಲಿ, ಮದುವೆಯ ದಿನ ಮಂಟಪದ ಮೇಲೆ ಇಬ್ಬರ ವಾಚನ್ನೂ ಅಕ್ಕಪಕ್ಕ ಇಟ್ಟು ನೋಡೋಣ, ತಾಳೆಯಾದರೆ ನೀನೇ ಹೇಳು, ಆಗದಿದ್ದರೆ ಇನ್ನು ಮುಂದೆ ನಾನು ಹೇಳುತ್ತೇನೆ ಎಂದ. ತಮ್ಮನ ಎದುರಿಗೆ ಹಾಕಿದ ಸವಾಲು. ಅಪ್ಪಯ್ಯಣ್ಣ ಮೀಸೆಯ ಮೇಲೆ ಕೈಯಿಟ್ಟು, ಆಗಲಿ ಎಂದುಬಿಟ್ಟರು.

ಅವರಿಬ್ಬರೂ ಗೇಟು ದಾಟಿದ ಮೇಲೆ ಪಿಳ್ಳಮ್ಮ ಹೊರಗೆ ಬಂದರು.

“ಮೀಸೆ ಮುಟ್ಕೊಂಡಿದ್ದು ನೋಡ್ದೆ. ಅದಕ್ಕೂ ಕೀ ಕೊಡ್ಬೇಕಾ?”

ರಿಪೇರಿ ಮಾಡಿಸಿ ಎಂದು ಅವರು ಮೂರು ವರ್ಷದಿಂದ ಹೇಳುತ್ತಿದ್ದರು. ಅಪ್ಪಯ್ಯಣ್ಣನವರಿಗೆ ಧೈರ್ಯವಿರಲಿಲ್ಲ. ಅಪ್ಪ ಬದುಕಿದ್ದಾಗ ಆ ವಾಚಿನ ಮುಚ್ಚಳ ಯಾರಿಂದಲೂ ತೆಗೆಸಿರಲಿಲ್ಲ. ತೆಗೆದಾಗ ಒಳಗಿನದೆಲ್ಲ ಪುಡಿಯಾಗಿ ಉದುರಿದರೆ? ಈಗಲಾದರೆ ಸತ್ತಿದೆ ಅಷ್ಟೇ, ಮುಖ ಇದೆ, ಮುಳ್ಳುಗಳಿವೆ, ಕಟ್ಟಿಕೊಂಡು ನಿಲ್ಲಬಹುದು. ಹಾಗೆಯೇ ಬಿಟ್ಟರೆ ಮಂಟಪದ ಮೇಲೆ ಸಿಕ್ಕಿಬೀಳುವುದು ಖಂಡಿತ. ಮಾಡಿಸಲು ಹೋದರೆ ಅದಕ್ಕೆ ಮೊದಲೇ ಮುಗಿದುಹೋಗಬಹುದು. ಅವರು ಬೆಳಗ್ಗೆ ಮಾಡಿಸೋಣ ಎಂದುಕೊಂಡು ಅಂಗಿ ಹಾಕುತ್ತಿದ್ದರು, ಬಸ್ ನಿಲ್ದಾಣದವರೆಗೆ ಹೋಗಿ ಬೇಡ ಎಂದು ವಾಪಸು ಬರುತ್ತಿದ್ದರು. ಕಂಡಕ್ಟರು ಅವರನ್ನು ನೋಡಿದರೆ ಸೀಟಿ ಊದುವುದನ್ನೇ ನಿಲ್ಲಿಸಿದ. ಹೀಗೆ ದಿನಗಳು ಕರಗಿ ಭಾನುವಾರ ಬಂತು. ಸಂಜೆ ಆರತಕ್ಷತೆ, ಮಾರನೆಯ ಬೆಳಗ್ಗೆ ಮುಹೂರ್ತ.

ಭಾನುವಾರ ಮಧ್ಯಾಹ್ನ ಪಿಳ್ಳಮ್ಮ ವಾಚನ್ನು ಕರ್ಚೀಫಿನಲ್ಲಿ ಸುತ್ತಿ ಅವರ ಜೇಬಿಗೆ ತುರುಕಿ, ಬಾಗಿಲು ಹಾಕಿಕೊಂಡರು. ಒಳಗೆ ಬರಬೇಕಾದರೆ ಟಿಕ್ ಟಿಕ್ ಎನ್ನುತ್ತಲೇ ಬರಬೇಕು ಎಂದು ಕಿಟಕಿಯಿಂದ ಹೇಳಿದರು.

ದೇವನಹಳ್ಳಿಯಲ್ಲಿ ನೆಂಟರ ಕಣ್ಣಿಗೆ ಬೀಳುವ ಭಯ. ಅಪ್ಪಯ್ಯಣ್ಣ ದೊಡ್ಡಬಳ್ಳಾಪುರದವರೆಗೆ ಹೋದರು. ಅಲ್ಲಿ ಅರ್ಧ ಶಟರ್ ಎಳೆದ ಒಂದು ವಾಚಿನ ಅಂಗಡಿ ಸಿಕ್ಕಿತು. ಅಂಗಡಿಯ ರಾಮಾಂಜಿನಪ್ಪ ಊಟ ಮುಗಿಸಿ ತೂಕಡಿಸುತ್ತಿದ್ದ. ಅವನು ಮುಚ್ಚಳ ತೆಗೆಯುವಾಗ ಅಪ್ಪಯ್ಯಣ್ಣ ಕಣ್ಣು ಮುಚ್ಚಿಕೊಂಡರು.

ಏನೂ ಉದುರಲಿಲ್ಲ. ರಾಮಾಂಜಿನಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬಹಳ ಹೊತ್ತು ಬಗ್ಗಿದ್ದು, ಇದನ್ನು ಸಾಂಬಾರಿಗೆ ಹಾಕಿದ್ದಿರಾ ಎಂದು ಕೇಳಿದ. ಬಿಚ್ಚಿದ, ತೊಳೆದ, ಒಂದು ಹಳೆಯ ಡಬ್ಬ ಕೆದಕಿ ಎರಡು ಚೂರು ಹುಡುಕಿ ಹಾಕಿದ. ಅಷ್ಟು ಹೊತ್ತೂ ಅಪ್ಪಯ್ಯಣ್ಣ ಆಪರೇಷನ್ ಕೋಣೆಯ ಹೊರಗೆ ನಿಂತ ನೆಂಟರಂತೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಕೊನೆಗೆ ಆ ಪುಟ್ಟ ಎದೆಯೊಳಗಿಂದ ಸಣ್ಣ ಸದ್ದು ಹೊರಟಿತು. ಅಪ್ಪಯ್ಯಣ್ಣ ಮೂಗು ಒರೆಸಿಕೊಂಡರು.

“ಒಂದು ವಾರ ನನ್ ಹತ್ರ ಬಿಟ್ಟೋಗಿ” ಎಂದ ರಾಮಾಂಜಿನಪ್ಪ. “ಓಡ್ತದೆ. ಎಷ್ಟು ಜೋರಾಗಿ ಓಡ್ತದೆ ಅಂತ ನೋಡಿ ಹಿಡೀಬೇಕು.”

ಒಂದು ವಾರವಲ್ಲ, ಒಂದು ಗಂಟೆಯೂ ಬಿಡುವಂತಿಲ್ಲ ಎಂದರು ಅಪ್ಪಯ್ಯಣ್ಣ. ಹಾಗಾದರೆ ಬೆಳಗ್ಗೆ ಒಮ್ಮೆ ಮಾತ್ರ ಮುಳ್ಳು ಸರಿಮಾಡಿ, ಒಳಗಿನ ಚಕ್ರದ ಹಲ್ಲು ಸವೆದಿದೆ, ಪದೇ ಪದೇ ಕೀ ಎಳೆದರೆ ಕೈಗೇ ಬರುತ್ತದೆ ಎಂದು ಅವನು ಎಚ್ಚರಿಸಿದ. ಅವನ ಮಾತಿನಲ್ಲಿ ಅರ್ಧ ಮಾತ್ರ ಅಪ್ಪಯ್ಯಣ್ಣನವರ ಕಿವಿಗೆ ಹೋಯಿತು. ಉಳಿದರ್ಧ ಕಿವಿಯಲ್ಲಿ ಟಿಕ್ ಟಿಕ್ ತುಂಬಿತ್ತು.

ಸೋಮವಾರ ಬೆಳಗ್ಗೆ ಅವರು ರೇಡಿಯೋದ ಸಮಯಕ್ಕೆ ಮುಳ್ಳು ಕೂಡಿಸಿ, ಹೊಸ ಪಂಚೆ ಉಟ್ಟು, ರುಮಾಲು ಸುತ್ತಿ ಯುದ್ಧಕ್ಕೆ ಹೊರಟರು. ಒಂಬತ್ತರವರೆಗೆ ರಾಹುಕಾಲ. ಅದು ಕಳೆದ ಮೇಲೆ ಅರ್ಧ ಗಂಟೆಯೊಳಗೆ ಲಗ್ನ. ಕಲ್ಯಾಣಮಂಟಪದ ಗೋಡೆ ಗಡಿಯಾರವನ್ನು ಹೂವಿನ ಅಲಂಕಾರದವರು ಸೇವಂತಿಗೆ ಪರದೆಯ ಹಿಂದೆ ಹೂತುಬಿಟ್ಟಿದ್ದರು. ಅಪ್ಪಯ್ಯಣ್ಣ ಅದನ್ನು ಕಂಡು ಹೆದರಲಿಲ್ಲ. ಇವತ್ತು ಗೋಡೆಯ ಹಂಗು ಅವರಿಗಿರಲಿಲ್ಲ.

ವಧುವರರ ನಡುವಿನ ಅಂತರಪಟ ಸರಿಯಿತು. ಜೀರಿಗೆ ಬೆಲ್ಲ ಎರಚಿದ್ದಾಯಿತು. ಓಲಗದವರು ವಾದ್ಯಗಳನ್ನು ತೊಡೆಯಿಂದ ಎತ್ತಿಕೊಂಡರು. ಆಗ ವೇಣುಗೋಪಾಲ್ ಮಂಟಪ ಹತ್ತಿ ಬಂದು, ಎಲ್ಲರಿಗೂ ಕೇಳುವಂತೆ, ವಾಚು ಕೊಡಣ್ಣ ಎಂದ.

ಅಪ್ಪಯ್ಯಣ್ಣ ರಾಜಠೀವಿಯಿಂದ ಕೊಟ್ಟರು. ವೇಣುಗೋಪಾಲ್ ಕಿವಿಗೆ ಹಿಡಿದ. ಅವನ ಮುಖ ಹಾಲಾಹಲ ಕುಡಿದಂತಾಯಿತು. ಅಪ್ಪಯ್ಯಣ್ಣ ಅದನ್ನು ಕಸಿದು ತಮ್ಮನ ಕಿವಿಗೆ, ಬೀಗರ ಕಿವಿಗೆ, ಪುರೋಹಿತರ ಕಿವಿಗೆ ಸುತ್ತಿಸಿದರು. ಎಲ್ಲರೂ ತಲೆಯಾಡಿಸಿದರು. ಕೆಳಗೆ ಮುಂದಿನ ಸಾಲಿನಲ್ಲಿದ್ದ ಪಿಳ್ಳಮ್ಮ ಸೆರಗು ಸರಿಮಾಡಿಕೊಂಡರು.

ಆಮೇಲೆ ಅಪ್ಪಯ್ಯಣ್ಣ ವಾಚು ನೋಡಿದರು. ಒಂಬತ್ತೂ ಇಪ್ಪತ್ತು. ಲಗ್ನ ಕೈಜಾರುತ್ತಿದೆ. ಅವರ ಬಲಗೈ ತಾನಾಗಿಯೇ ಮೇಲೆದ್ದಿತು.

“ಸ್ವಲ್ಪ ಇರಣ್ಣ” ಎಂದು ವೇಣುಗೋಪಾಲ್ ತನ್ನ ಕರಿಗಾಜನ್ನು ಪಕ್ಕಕ್ಕೆ ಹಿಡಿದ. ಅದರಲ್ಲಿ ಇನ್ನೂ ಒಂಬತ್ತಾಗಿರಲಿಲ್ಲ.

ರಾಮಾಂಜಿನಪ್ಪನ ಮಾತಿನ ಉಳಿದರ್ಧ ಈಗ ಅಪ್ಪಯ್ಯಣ್ಣನವರ ಕಿವಿಯೊಳಗೆ ಇಳಿಯಿತು. ಮೂರು ವರ್ಷ ಮಲಗಿ ಎದ್ದ ವಾಚು, ಕಳೆದುಕೊಂಡ ಕಾಲವನ್ನೆಲ್ಲ ಒಂದೇ ಬೆಳಗ್ಗೆ ಹಿಡಿಯಲು ಹೊರಟಂತೆ ಓಡುತ್ತಿತ್ತು.

ಕೈ ಗಾಳಿಯಲ್ಲೇ ಇತ್ತು. ಓಲಗದವನ ತುಟಿ ಪೀಪಿಯ ಮೇಲಿತ್ತು. ಗಂಡು ತಾಳಿ ಹಿಡಿದು ಬಗ್ಗಿದ್ದ. ಇನ್ನೊಂದು ಮಾತು ಹೊರಬಿದ್ದರೆ ಸಾಕು, ಎಲ್ಲ ಮುಗಿಯುತ್ತದೆ. ಈಗಷ್ಟೇ ಇಡೀ ಸಭೆ ಈ ವಾಚಿನ ಉಸಿರು ಕೇಳಿದೆ. ಆ ಕರಿಗಾಜಿನ ಆಟಿಕೆ ಸುಳ್ಳು ಎಂದರೆ ಜನ ನಂಬುತ್ತಾರೆ. ಪಟ್ಟ ಉಳಿಯುತ್ತದೆ. ತಾಳಿ ಮಾತ್ರ ರಾಹುಕಾಲದಲ್ಲಿ ಬೀಳುತ್ತದೆ, ಅದೂ ಬಿಂದು ಕೊರಳಿಗೆ. ಪುರೋಹಿತರನ್ನು ನೋಡಿದರು. ಅವರಿಗೆ ಆ ಕ್ಷಣದಲ್ಲಿ ಕಲಶದ ತೆಂಗಿನಕಾಯಿಯ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತ್ತು. ತಲೆ ತಗ್ಗಿಸಿ ಕೂತಿದ್ದ ಬಿಂದುಶ್ರೀ, ಸದ್ದು ಬರದಿದ್ದುದಕ್ಕೆ ಬಾಸಿಂಗದ ಕೆಳಗಿಂದ ಕಣ್ಣೆತ್ತಿ, “ಯಾಕ್ ದೊಡ್ಡಪ್ಪ?” ಎಂದಳು.

ಅಪ್ಪಯ್ಯಣ್ಣ ಕೈ ಇಳಿಸಿದರು.

“ನನ್ ವಾಚು ಮುಂದೋಡ್ತಾ ಇದೆ” ಎಂದರು. “ಲಗ್ನ ಇನ್ನೂ ಬಂದಿಲ್ಲ. ವೇಣು, ನಿಂದ್ರಲ್ಲಿ ನೋಡ್ಕೊಂಡು ನೀನೇ ಹೇಳಪ್ಪ.”

ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ರುಮಾಲಿನ ಅಂಚಿನಿಂದ ಬೆವರು ಇಳಿಯುತ್ತಿತ್ತು. ಪಿಳ್ಳಮ್ಮ ಸೀರೆಯ ನೆರಿಗೆ ನೋಡುತ್ತಾ ಕೂತರು.

ವೇಣುಗೋಪಾಲ್ ಪಟ್ಟಕ್ಕೇರಿದ. ಒಂಬತ್ತಾಯಿತು, ಲಗ್ನ ಕೂಡಿತು. ಅವನು ಸಭೆಯ ಕಡೆ ತಿರುಗಿದ. ಎದುರಿಗೆ ಐದಾರು ನೂರು ಮುಖಗಳು, ಅಷ್ಟೇ ಫೋನುಗಳು. ಸೈಟು ತೋರಿಸುವಾಗ ಹೊನ್ನಿನ ಮಳೆ ಸುರಿಸುವ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಗಟ್ಟಿಮೇಳ ಎಂದ. ಪಕ್ಕದಲ್ಲಿದ್ದ ಬೀಗರು ಅವನಿಗೆ ನೀರು ಬೇಕೇನೋ ಎಂದು ಲೋಟ ಕೊಟ್ಟರು. ಕೈ ಎತ್ತಿ ಇನ್ನೊಮ್ಮೆ ಎಂದ. ಓಲಗದವರು ಅವನನ್ನು ನೋಡಿ, ಅವನ ಹಿಂದೆ ನಿಂತ ಅಪ್ಪಯ್ಯಣ್ಣನವರನ್ನು ನೋಡಿ, ಸುಮ್ಮನಾದರು. ಮೂವತ್ತು ವರ್ಷದಿಂದ ಅವರು ಊದಿದ್ದು ಒಂದೇ ಗಂಟಲಿಗೆ. ಮಿಕ್ಕವರು ಕೂಗಿದರೆ, ಯಾರೋ ಮಗುವನ್ನು ಕರೆಯುತ್ತಿದ್ದಾರೆ ಎಂದುಕೊಳ್ಳುವ ಜನ.

ಲಗ್ನ ಜಾರತೊಡಗಿತು. ಗಂಡಿನ ಸೊಂಟ ಬಗ್ಗಿ ಬಗ್ಗಿ ನಡುಗತೊಡಗಿತು.

“ಅಣ್ಣ” ಎಂದು ವೇಣುಗೋಪಾಲ್ ತಿರುಗದೆಯೇ ಪಿಸುಗುಟ್ಟಿದ, “ನೀನೇ ಹೇಳಣ್ಣ.”

ಅಪ್ಪಯ್ಯಣ್ಣ ಅವಸರಪಡಲಿಲ್ಲ. ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡರು. ಮುಂದೆ ಬಂದು, ವೇಣುಗೋಪಾಲನ ಎಡಗೈಯನ್ನು ಹುಲ್ಲಿನ ಹೊರೆ ಎತ್ತುವಂತೆ ಹಿಡಿದೆತ್ತಿ, ಅದರ ಮೇಲಿನ ಕರಿಗಾಜನ್ನು ಗಂಭೀರವಾಗಿ ನೋಡಿ, ಬಲಗೈ ಮೇಲೆತ್ತಿ ಗುಡುಗಿದರು. ಡೋಲು ಸಿಡಿಯಿತು. ಅಕ್ಷತೆ ಸುರಿಯಿತು. ಆ ಗದ್ದಲದಲ್ಲೂ ಅವರು ವೇಣುಗೋಪಾಲನ ಕೈ ಬಿಡಲಿಲ್ಲ. ಮೂರನೆಯ ಗಂಟು ಬೀಳುವವರೆಗೆ ಅವನು ತನ್ನದೇ ಕೈಗೆ ಕಟ್ಟಿಹಾಕಿದ ಕರುವಿನಂತೆ ನಿಂತಿದ್ದ.

ಊಟದ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಹೋಳಿಗೆ ಬಂದಾಗ ಅಪ್ಪಯ್ಯಣ್ಣ ವಾಚು ಬಿಚ್ಚಿ ವೇಣುಗೋಪಾಲನ ಎಡ ಅಂಗೈಯಲ್ಲಿಟ್ಟರು. ಎದುರು ಸಾಲಿನವರೆಲ್ಲ ನೋಡುತ್ತಿದ್ದರು.

“ಬೆಂಗಳೂರಿಗೆ ಕೊಟ್ಬಿಡು. ನೀನು ಹೇಳ್ದಂಗೆ ಗಾಜು, ಬೆಲ್ಟು, ಒಳಗಿಂದು, ಎಲ್ಲ ಮಾಡಿಸ್ಬಿಡು.”

ಈಗೇನು ಅರ್ಜೆಂಟಿಲ್ಲವಲ್ಲ, ಅವರು ರೇಟು ಸ್ವಲ್ಪ ಜಾಸ್ತಿ ಹೇಳುತ್ತಾರೆ, ಮುಂದೆ ನೋಡೋಣ ಎಂದು ವೇಣುಗೋಪಾಲ್ ಎಲೆಯ ಕಡೆ ನೋಡುತ್ತಾ ಹೇಳಿದ.

“ಅರ್ಜೆಂಟ್ ಏನೂ ಇಲ್ಲ ಕಣೋ” ಎಂದರು ಅಪ್ಪಯ್ಯಣ್ಣ, ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ. “ಆರು ತಿಂಗಳಾಗ್ಲಿ, ವರ್ಷ ಆಗ್ಲಿ, ನಿಧಾನಕ್ಕೆ ಮಾಡ್ಲಿ. ಅಲ್ಲೀವರೆಗೂ ನಿನ್ನ ಕೈ ಇದ್ಯಲ್ಲ.”