ಸೀಸೆಗಳ ಸರದಿ

ಮಿತ್ರರೇ, ನಾನೇ ರೂಪಿಸಿದ ಶಿಸ್ತು ಇಂದು ನನ್ನ ಕೆಮ್ಮನ್ನು ಇನ್ನೊಂದು ವಾರ ಉಳಿಸಿಕೊಟ್ಟಿದೆ.

ನಮ್ಮೂರ ದವಾಖಾನೆಗೆ ಡಾಕ್ಟರು ಬರುವುದು ಬುಧವಾರ ಮಾತ್ರ. ಜಗಲಿಯ ಮೇಲಿನ ನೂಕಾಟವನ್ನು ಸಹಿಸಲಾರದೆ ನಾನೊಂದು ನಿಯಮ ಮಾಡಿದೆ: ಔಷಧಕ್ಕೆಂದು ತಂದ ಖಾಲಿ ಸೀಸೆಯನ್ನು ಬಂದ ಕ್ರಮದಲ್ಲಿ ಸಾಲಾಗಿಟ್ಟು, ರೋಗಿಗಳು ತಿರುವಿನಾಚೆಯ ಹೋಟೆಲಿನಲ್ಲಿ ಕುಳಿತಿರಬೇಕು. ಮೊದಲ ಸೀಸೆ ನನ್ನದು. ಹದಿನಾಲ್ಕು ಸೀಸೆಗಳು ನಿಂತಷ್ಟು ನೆಟ್ಟಗೆ ನನ್ನ ಶಾಲೆಯ ಮಕ್ಕಳೂ ನಿಂತಿರಲಿಲ್ಲ.

ಎರಡನೆಯ ಲೋಟ ಕಾಫಿ ಮುಗಿಸಿ ನಾವೆಲ್ಲ ಮರಳುವಷ್ಟರಲ್ಲಿ ಡಾಕ್ಟರು ಬಂದು ಹೋಗಿದ್ದರು.

“ಕಾಯಿಲೆಯವ್ರು ಒಬ್ರೂ ಇಲ್ವಲ್ಲ ಅಂತ ಎಸ್ಟೇಟಿಗೆ ಹೋದ್ರು ಮೇಷ್ಟ್ರೇ,” ಎಂದ ಕಾಂಪೌಂಡರ್. “ಸೀಸೆ ನಾಡಿ ಹಿಡಿದು ನೋಡಕ್ಕಾಗತ್ತಾ?”

ಹಲ್ಲುನೋವಿನಿಂದ ದವಡೆ ಊದಿದ್ದ ತೋಟದ ಮೇಸ್ತ್ರಿ ಕೇಳಿದ: “ನಮ್ಮನ್ನ ಕರೀಬಾರ್ದಿತ್ತಾ ಮಾರಾಯ?”

“ಸಾಲು ಕಾಯ್ತಾ ಇರು, ಜಾಗ ಬಿಟ್ಟು ಕದಲಬೇಡ ಅಂತ ಮೇಷ್ಟ್ರೇ ಹೇಳಿದ್ರಲ್ಲ.”

ಎಲ್ಲರೂ ನನ್ನತ್ತ ತಿರುಗಿದರು. ನಾನು ಕೆಮ್ಮಿದೆ.

ಉಳಿದವರು ತಮ್ಮ ಸೀಸೆ ಎತ್ತಿಕೊಂಡು ಹೋದರು. ನನ್ನದನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ. ಮುಂದಿನ ಬುಧವಾರವೂ ಮೊದಲ ಸರದಿ ನನ್ನದೇ.