ನಾನು ಎಣಿಸದ ಐದು ಗಿಡಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಟಾಣಿ ತಳಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮನೆ ಬನಶಂಕರಿಯಲ್ಲಿ, ಹೊಲ ಅಂಜನಾಪುರದಾಚೆ. ನಲವತ್ತು ತಳಿಗಳನ್ನು ಸಾಲಾಗಿ ಬಿತ್ತಿ, ಪ್ರತಿ ತಳಿಯಲ್ಲೂ ಐದು ಗಿಡಕ್ಕೆ ಚೀಟಿ ಕಟ್ಟಿದ್ದೆ. ಗಿಡಕ್ಕೆಷ್ಟು ಕಾಯಿ, ಕಾಯಿಗೆಷ್ಟು ಕಾಳು, ನೂರು ಕಾಳಿನ ತೂಕವೆಷ್ಟು ಎಂದು ಬರೆದುಕೊಳ್ಳಬೇಕು. ಯಾವ ಗುಣ ತಳಿಯಿಂದ ತಳಿಗೆ ಎಷ್ಟು ಬದಲಾಗುತ್ತದೆ, ಯಾವುದರಿಂದ ಇಳುವರಿ ಹೆಚ್ಚುತ್ತದೆ ಎಂಬುದು ಅದರಿಂದಲೇ ತಿಳಿಯಬೇಕಿತ್ತು.

ಕಾಯಿ ಬಿಡಿಸಿ ಎಣಿಸಲು ಪಕ್ಕದ ಊರಿನ ಹೆಂಗಸೊಬ್ಬರು ಬರುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ. ಓದು ಬಾರದು. ಹತ್ತು ಕಾಯಿಗೊಂದು ಕಲ್ಲು ಪಕ್ಕಕ್ಕಿಟ್ಟು ಎಣಿಸುತ್ತಿದ್ದರು. ಅವರ ಎಣಿಕೆ ತಪ್ಪಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಕೊಯ್ಲಿನ ವಾರ ಜಯನಗರದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಅಕ್ಕನಿಗೂ ರಜೆ ಹೇಳಿ ಎರಡು ದಿನ ಛತ್ರದಲ್ಲೇ ಉಳಿದೆ. ವಾಪಸು ಬಂದು ನೋಡಿದರೆ, ಬೇಗ ಬಲಿಯುವ ಒಂದು ತಳಿಯ ಕಾಯಿಗಳು ಬಿಸಿಲಿಗೆ ಸಿಡಿದು ಕಾಳೆಲ್ಲ ಮಣ್ಣುಪಾಲಾಗಿತ್ತು. ನನ್ನ ಸಂಶೋಧನೆ ನೋಡಿಕೊಳ್ಳುತ್ತಿದ್ದ ಗೈಡ್‌ಗೆ ಹೇಳಲು ಹೆದರಿ, ಪಕ್ಕದ ಸಾಲನ್ನು ನೋಡಿಕೊಂಡು ಆ ಐದು ಗಿಡಕ್ಕೂ ಅಂದಾಜಿನ ಮೇಲೆ ಅಂಕಿ ಬರೆದುಬಿಟ್ಟೆ.

ಗೈಡ್ ನನ್ನ ಪುಸ್ತಕ ನೋಡುತ್ತ ಅದೇ ಪುಟದಲ್ಲಿ ನಿಂತರು.

"ಐದೂ ಗಿಡ ಹೆಚ್ಚುಕಮ್ಮಿ ಒಂದೇ ಥರ ಇದೆಯಲ್ಲ. ಗಿಡ ಹೀಗಿರಲ್ಲಮ್ಮ. ಯಾರು ಎಣಿಸಿದ್ದು?"

"ಆ ಅಕ್ಕ, ಸಾರ್."

ಆ ಸುಳ್ಳು ಹೇಳಲು ನಾನು ಯೋಚಿಸಲೂ ಇಲ್ಲ. ಮಾರನೆಯ ದಿನದಿಂದ ಎಣಿಸಲು ಬೇರೊಬ್ಬರು ಬಂದರು. ಅಕ್ಕ ಎಲ್ಲಿ ಎಂದು ನಾನು ಕೇಳಲಿಲ್ಲ.

ಕೆಲವು ತಿಂಗಳ ನಂತರ ಬನಶಂಕರಿ ಮಾರ್ಕೆಟ್ ಬಳಿ ಅವರು ಸೊಪ್ಪು ಮಾರುತ್ತ ಕೂತಿದ್ದರು. ಕಂಡೂ ಕಾಣದಂತೆ ದಾಟಿ ಹೋಗುತ್ತಿದ್ದವಳನ್ನು ಅವರೇ ಕರೆದು, ಓದು ಮುಗಿಯಿತಾ ಎಂದು ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು:

"ನನ್ ಲೆಕ್ಕ ತಪ್ಪಾಯ್ತಂತಲ್ಲ ಮೇಡಂ. ನಿಮ್ಗೂ ಬೈದ್ರಾ? ಮನೇಲಿ ಮಗಳ ಮುಂದೆ ಕಾಳು ಸುರ್ಕೊಂಡು ಎಷ್ಟೋ ಸಲ ಎಣಿಸಿ ನೋಡ್ದೆ. ಎಲ್ಲಿ ತಪ್ತೀನಿ ಅಂತ ಗೊತ್ತೇ ಆಗ್ಲಿಲ್ಲ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಅವರೆದುರು ಕುಕ್ಕರುಗಾಲಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿದೆ. ಅವರು ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ ಕೇಳಿಸಿಕೊಂಡರು.

"ಸಾರ್‌ಗೆ ಹೇಳಿದ್ರಾ?"

"ಇಲ್ಲ."

ಅವರು ಮತ್ತೆ ನನ್ನ ಕಡೆ ನೋಡಲಿಲ್ಲ. ಬಂದ ಗಿರಾಕಿಗೆ ದಂಟಿನ ಕಟ್ಟು ಆರಿಸಿಕೊಡತೊಡಗಿದರು.

ಮರುದಿನ ಗೈಡ್ ಮುಂದೆ ನಿಂತು ಒಪ್ಪಿಕೊಂಡೆ. ಅವರು ನನ್ನ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಉಳಿದ ಅಂಕಿಗಳನ್ನೂ ಇನ್ನು ನಂಬಲಾರೆ ಎಂದು ಮುಂದಿನ ಹಂಗಾಮಿಗೆ ನಲವತ್ತೂ ತಳಿಗಳನ್ನು ಮತ್ತೆ ಬಿತ್ತಿಸಿದರು. ನನ್ನ ಓದು ಒಂದು ವರ್ಷ ಹಿಂದೆ ಬಿತ್ತು. ಅಕ್ಕನನ್ನು ಕರೆಯಲು ಅವರೇ ಮಾರ್ಕೆಟ್ಟಿಗೆ ಹೋಗಿ, ತಪ್ಪಾಯಿತು ಎಂದು ಕೇಳಿಕೊಂಡರಂತೆ. ಅಕ್ಕ ಬರುವುದಿಲ್ಲ ಎಂದರಂತೆ. ನನ್ನ ಬಗ್ಗೆ ಏನಾದರೂ ಅಂದರಾ ಎಂದು ಗೈಡ್‌ರನ್ನು ಕೇಳಬೇಕೆನಿಸಿತು. ಕೇಳದೆ, ಚೀಟಿಗಳನ್ನು ಹಿಡಿದು ಹೊಲಕ್ಕೆ ಹೋದೆ.